ಹಿತ್ತಲಿಗೆ ಸರಿದ ಜಗಲಿ

ಕಳೆದ ವರ್ಷ ನಮ್ಮ ಬಳಗದ ಹಿರಿಯರೊಬ್ಬರು ನ್ಯೂಜೆರ್ಸಿಯಲ್ಲಿರುವ ಮಗಳ ಮನೆಗೆ ಹೋಗಿದ್ದರು. ಅಲ್ಲಿ ಮನೆಯ ಹಿಂಭಾಗದ ಹಳೆಯ ಡೆಕ್ಕನ್ನು ಕಿತ್ತು ಹೊಸದನ್ನು ಕಟ್ಟಿಸುವ ಕೆಲಸ ನಡೆದಿತ್ತು. ಡೆಕ್ ಎಂದರೆ ಹಿತ್ತಲ ಬಾಗಿಲಿಗೆ ಹೊಂದಿಕೊಂಡು, ಕಂಬಗಳ ಮೇಲೆ ನಿಲ್ಲಿಸಿದ ಹಲಗೆಯ ಅಟ್ಟಣೆ. ಸೂರಿಲ್ಲದ ಮರದ ಜಗಲಿ ಎಂದರೂ ನಡೆದೀತು. ಕಿತ್ತ ಹಲಗೆಗಳು ಇನ್ನೂ ಗಟ್ಟಿಯಾಗಿದ್ದುದನ್ನು ಕಂಡು, ಸಂಜೆ ಬೆಂಕಿ ಹಾಕಿ ಚಳಿ ಕಾಯಿಸಲು ಆದೀತೆಂದು ಅವರು ನಾಲ್ಕಾರು ತುಂಡುಗಳನ್ನು ಬದಿಗಿಟ್ಟರು. ಕೆಲಸದ ಮೇಸ್ತ್ರಿ ಓಡಿಬಂದು ತಡೆದ. ಆ ಮರದೊಳಗೆ ಆರ್ಸೆನಿಕ್ ಇದೆ. ಸುಟ್ಟರೆ ಹೊಗೆಯೂ ವಿಷ, ಬೂದಿಯೂ ವಿಷ ಎಂದ. ಮುಂಬಯಿಗೆ ಮರಳಿ ಅವರು ಇದನ್ನು ನಮ್ಮ ಕೂಟದಲ್ಲಿ ಹೇಳಿದಾಗ, ಕೂರುವ ಹಲಗೆಯೊಳಗೆ ಪಾಷಾಣ ಹೊಕ್ಕದ್ದು ಹೇಗೆಂಬ ಪ್ರಶ್ನೆ ಎದ್ದಿತು. ಉತ್ತರ ಹುಡುಕುತ್ತ ಹೋದ ನಾವು ಕೊನೆಗೆ ಬಂದು ನಿಂತದ್ದು ಡೆಹರಾಡೂನಿನಲ್ಲಿ.

ಅಮೆರಿಕದ ಮನೆಗೆ ಡೆಕ್ ಬಹಳ ಹಳೆಯ ಅಂಗವೇನಲ್ಲ. 19ನೆಯ ಶತಮಾನದ ಮನೆಗಳಿಗೆ ಇದ್ದದ್ದು ಬೀದಿಗೆ ಮುಖಮಾಡಿದ ಪೋರ್ಚು. 1840ರ ದಶಕದಲ್ಲಿ ಆಂಡ್ರ್ಯೂ ಜಾಕ್ಸನ್ ಡೌನಿಂಗ್ ತನ್ನ ಪುಸ್ತಕಗಳ ಮೂಲಕ ಅದರ ರುಚಿ ಹತ್ತಿಸಿದ. ಅವನು ಬಳಸಿದ ‘ವರಾಂಡ’ ಎಂಬ ಮಾತು ಇಂಗ್ಲಿಷಿಗೆ ಸೇರಿದ್ದೇ ಭಾರತದಿಂದ. ಬೇಸಗೆಯ ಸಂಜೆ ಮನೆಯವರು ಪೋರ್ಚಿನಲ್ಲಿ ಕುಳಿತು ದಾರಿಹೋಕರನ್ನು ಮಾತಾಡಿಸುತ್ತಿದ್ದರು. ನಮ್ಮ ಊರಿನ ಜಗಲಿಯನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೋಟಾರು ಕಾರು ಬಂದು ಬೀದಿಯನ್ನು ಗದ್ದಲ, ಧೂಳಿನಿಂದ ತುಂಬಿತು. ಟೆಲಿವಿಷನ್ನೂ ಹವಾನಿಯಂತ್ರಕವೂ ಜನರನ್ನು ಒಳಗೆಳೆದುಕೊಂಡವು. ಎರಡನೆಯ ಮಹಾಯುದ್ಧದ ನಂತರ ಎದ್ದ ಉಪನಗರಗಳಲ್ಲಿ ಮನೆಗಳು ಬೀದಿಗೆ ಬೆನ್ನುಹಾಕಿ ಹಿತ್ತಲಿಗೆ ತೆರೆದುಕೊಂಡವು. ರಿಚರ್ಡ್ ಥಾಮಸ್ 1975ರಲ್ಲಿ ಈ ಪಲ್ಲಟದ ಬಗೆಗೆ ಬರೆದ ಲೇಖನದ ಹೆಸರೇ ‘ಪೋರ್ಚಿನಿಂದ ಪ್ಯಾಟಿಯೋಗೆ’. ಪೋರ್ಚಿಗೆ ಯಾರು ಬೇಕಾದರೂ ಬರಬಹುದಿತ್ತು. ಹಿತ್ತಲಿಗೆ ಕರೆದವರು ಮಾತ್ರ ಬರುತ್ತಾರೆ.

ಡೆಕ್ಕಿಗೆ ಕಲೆಯ ಘನತೆ ಬಂದದ್ದು ಕ್ಯಾಲಿಫೋರ್ನಿಯಾದಲ್ಲಿ. ಉದ್ಯಾನ ವಿನ್ಯಾಸಕಾರ ಥಾಮಸ್ ಚರ್ಚ್ 1948ರಲ್ಲಿ ಸೊನೋಮಾದ ಡಾನೆಲ್ ಉದ್ಯಾನವನ್ನು ರೂಪಿಸುವಾಗ, ಅಲ್ಲಿದ್ದ ಓಕ್ ಮರಗಳನ್ನು ಕಡಿಯದೆ, ಅವು ಹಾದು ಬರುವಂತೆ ಹಲಗೆಗಳ ನಡುವೆ ಜಾಗ ಬಿಟ್ಟು ಡೆಕ್ ಕಟ್ಟಿಸಿದರು. ಆ ಕೆಲಸದಲ್ಲಿ ಅವರೊಂದಿಗಿದ್ದ ಲಾರೆನ್ಸ್ ಹಾಲ್‌ಪ್ರಿನ್, ಕೆಲವೇ ವರ್ಷಗಳ ಅನಂತರ ಕೆಂಟ್‌ಫೀಲ್ಡಿನ ತಮ್ಮ ಮನೆಯ ಕೆಳಗಿನ ಇಳಿಜಾರಿನಲ್ಲಿ, ನರ್ತಕಿಯಾದ ಹೆಂಡತಿ ಆನಾ ಅವರಿಗಾಗಿ ಒಂದು ಡೆಕ್ ಕಟ್ಟಿದರು. ರಂಗತಜ್ಞ ಆರ್ಚ್ ಲಾಟೆರರ್ ಜೊತೆಗೂಡಿದ್ದರು. ಅದು ಚೌಕವಲ್ಲ, ಸುತ್ತಲಿನ ಮರಗಳಿಗೆ ಎಡೆಗೊಟ್ಟು ಅಂಕುಡೊಂಕಾಗಿ ಹಬ್ಬಿದ ಬಯಲು ರಂಗಸ್ಥಳ. 1957ರಲ್ಲಿ ಮರ್ಸ್ ಕನಿಂಗ್‌ಹ್ಯಾಮ್ ಅಲ್ಲಿಗೆ ಬಂದರು; 1960ರ ಬೇಸಗೆಯ ಶಿಬಿರದಲ್ಲಿ ಟ್ರಿಶಾ ಬ್ರೌನ್, ಇವಾನ್ ರೈನರ್ ಮೊದಲಾದವರು ಕಲಿತರು. ಅಮೆರಿಕದ ಆಧುನಿಕೋತ್ತರ ನೃತ್ಯದ ಕವಲೊಂದು ಚಿಗುರಿದ್ದು ಮನೆಯೊಂದರ ಹಿತ್ತಲ ಹಲಗೆಗಳ ಮೇಲೆ ಎಂಬುದು, ಬಯಲಾಟದ ನಾಡಿನಿಂದ ಬಂದ ನಮಗೆ ಅಚ್ಚರಿಗಿಂತ ಹೆಚ್ಚಾಗಿ ಆಪ್ತವೆನಿಸಿತು.

ಕ್ಯಾಲಿಫೋರ್ನಿಯಾಕ್ಕೆ ಒಂದು ಅನುಕೂಲವಿತ್ತು: ರೆಡ್‌ವುಡ್. ಅದರ ತಿರುಳು ತಾನಾಗಿಯೇ ಕೊಳೆತಕ್ಕೂ ಗೆದ್ದಲಿಗೂ ಮಣಿಯುವುದಿಲ್ಲ. ಆ ಗುಣವೇ ಅದಕ್ಕೆ ಮುಳುವಾಯಿತು. 1968ರಲ್ಲಿ ರೆಡ್‌ವುಡ್ ರಾಷ್ಟ್ರೀಯ ಉದ್ಯಾನ ಆಗುವ ವೇಳೆಗೆ ಪುರಾತನ ಕಾಡಿನ ಬಹುಪಾಲು ಉರುಳಿಹೋಗಿತ್ತು. ಉಳಿದ ಅಮೆರಿಕಕ್ಕೆ ಅಗ್ಗವಾಗಿ, ಹೇರಳವಾಗಿ ಸಿಗುತ್ತಿದ್ದದ್ದು ದಕ್ಷಿಣದ ಪೈನ್ ಮರ. ಮಳೆ, ಹಿಮಕ್ಕೆ ಒಡ್ಡಿದರೆ ಅದು ಕೆಲವೇ ವರ್ಷಗಳಲ್ಲಿ ಕೊಳೆಯುತ್ತದೆ. ಪೈನ್ ಹಲಗೆಯನ್ನು ಹತ್ತಾರು ವರ್ಷ ಹಿತ್ತಲಿನಲ್ಲಿ ನಿಲ್ಲಿಸಿದ ವಿದ್ಯೆ ಬಂದದ್ದು ನಮ್ಮ ದೇಶದಿಂದ.

ಡೆಹರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆ 1906ರಲ್ಲಿ ಆರಂಭವಾಯಿತು. ರೈಲುಹಳಿಯ ಸ್ಲೀಪರುಗಳು, ತಂತಿಕಂಬಗಳು ಗೆದ್ದಲಿನ ಪಾಲಾಗದಂತೆ ಉಳಿಸುವುದು ಆ ಕಾಲದ ದೊಡ್ಡ ಚಿಂತೆ. ಅಲ್ಲಿ ಮರದ ಸಂರಕ್ಷಣೆಯ ಕೆಲಸ ಮಾಡುತ್ತಿದ್ದ ಸೊಂಠಿ ಕಾಮೇಶಂ 1933ರಲ್ಲಿ ಒಂದು ಮಿಶ್ರಣವನ್ನು ಕಂಡುಹಿಡಿದರು. ತಾಮ್ರ ಶಿಲೀಂಧ್ರವನ್ನು ತಡೆಯುತ್ತದೆ. ಪಾಷಾಣ ಗೆದ್ದಲನ್ನು ಕೊಲ್ಲುತ್ತದೆ. ಇಷ್ಟು ಮೊದಲೇ ತಿಳಿದಿತ್ತು. ತೊಡಕೆಂದರೆ ಈ ಲವಣಗಳು ನೀರಿನಲ್ಲಿ ಕರಗುವಂಥವು, ನಾಲ್ಕು ಮಳೆಗೆ ತೊಳೆದುಹೋಗುವಂಥವು. ಕಾಮೇಶಂ ಅವುಗಳ ಜೊತೆಗೆ ಕ್ರೋಮಿಯಂ ಲವಣವನ್ನು ಸೇರಿಸಿದರು. ಅದು ಮರದೊಡನೆ ವರ್ತಿಸಿ, ಉಳಿದೆರಡನ್ನೂ ಕರಗದ ರೂಪಕ್ಕೆ ತಂದು ನಾರಿನೊಳಗೆ ಕಟ್ಟಿಹಾಕಿತು. ‘ಆಸ್ಕು’ ಎಂಬ ಹೆಸರಿನಲ್ಲಿ ಅದು ಮಾರುಕಟ್ಟೆಗೆ ಬಂತು. 1938ರಲ್ಲಿ ಅಮೆರಿಕದ ಪೇಟೆಂಟೂ ದೊರೆಯಿತು. ಮರವನ್ನು ಉಕ್ಕಿನ ಸಿಲಿಂಡರಿನಲ್ಲಿಟ್ಟು, ಮೊದಲು ಗಾಳಿಯನ್ನು ಹೀರಿ ತೆಗೆದು, ಬಳಿಕ ದ್ರಾವಣವನ್ನು ಒತ್ತಡದಿಂದ ಒಳನುಗ್ಗಿಸುವ ಕ್ರಮ ಇಂಗ್ಲೆಂಡಿನಲ್ಲಿ 1838ರಿಂದಲೇ ಇತ್ತು. ಎರಡೂ ಕೂಡಿದಾಗ ತುಸು ಹಸಿರು ಛಾಯೆಯ, ಬೇಗ ಕೊಳೆಯದ ಪೈನ್ ಹಲಗೆ ಸಿದ್ಧವಾಯಿತು. 1970ರ ದಶಕದಿಂದ ಅಮೆರಿಕದ ಹಿತ್ತಲುಗಳನ್ನು ತುಂಬಿದ್ದು ಈ ಹಲಗೆಯೇ.

ಕಾಮೇಶಂ ಅವರ ಎದುರಿಗಿದ್ದದ್ದು ರೈಲುಹಳಿ, ತಂತಿಕಂಬಗಳು. ಕೂಸು ಅಂಬೆಗಾಲಿಡುವ ಹಲಗೆಯಲ್ಲ. ಕಟ್ಟಿಹಾಕಿದ್ದ ಪಾಷಾಣವೂ ಸಂಪೂರ್ಣ ಕಟ್ಟಿಗೆ ಸಿಕ್ಕಿರಲಿಲ್ಲ. ವರ್ಷಗಳು ಕಳೆದಂತೆ ಸ್ವಲ್ಪ ಸ್ವಲ್ಪವೇ ಕೆಳಗಿನ ಮಣ್ಣಿಗೆ ಇಳಿಯುತ್ತದೆ, ಆಡುವ ಮಕ್ಕಳ ಅಂಗೈಗೆ ಹತ್ತುತ್ತದೆ ಎಂಬುದು ಪರೀಕ್ಷೆಗಳಿಂದ ತಿಳಿಯಿತು. 2002ರಲ್ಲಿ ತಯಾರಕರು ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆಯೊಡನೆ ಒಪ್ಪಂದಕ್ಕೆ ಬಂದರು. 2003ರ ಕೊನೆಗೆ ವಾಸದ ಮನೆಗಳ ಬಳಕೆಗಾಗಿ ಇಂಥ ಮರದ ತಯಾರಿಕೆ ನಿಂತಿತು. ಆಗಲೇ ಕಟ್ಟಿದ್ದನ್ನು ಕೀಳಲು ಯಾರೂ ಹೇಳಲಿಲ್ಲ. ಹಾಗಾಗಿ ಹಳೆಯ ಡೆಕ್ಕುಗಳು ಹಲವೆಡೆ ಇನ್ನೂ ನಿಂತಿವೆ. ಇದಕ್ಕೆ ಕಾಮೇಶಂ ಅವರನ್ನು ದೂರುವುದು ನಮಗೆ ಒಪ್ಪಿಗೆಯಿಲ್ಲ. ಹತ್ತಾರು ವರ್ಷ ಬಾಳುವ ಒಂದು ಕಂಬ ಎಂದರೆ, ಆ ಅವಧಿಯಲ್ಲಿ ಕಡಿಯದೆ ಉಳಿದ ಹಲವು ಮರಗಳು. ಆದರೆ ಅವರ ಹೆಸರು ಅಲ್ಲಿನವರಿಗೂ ತಿಳಿಯದು, ನಮಗೂ ತಿಳಿದಿರಲಿಲ್ಲ ಎಂಬುದು ಚುಚ್ಚಿತು. ಬೆಂಗಳೂರಿನ ಮಲ್ಲೇಶ್ವರದ 18ನೆಯ ಅಡ್ಡರಸ್ತೆಯಲ್ಲಿ ಮರ ವಿಜ್ಞಾನ ಸಂಸ್ಥೆಯಿದೆ. 1938ರಲ್ಲಿ ಮೈಸೂರು ಸಂಸ್ಥಾನ ಸ್ಥಾಪಿಸಿದ ಪ್ರಯೋಗಾಲಯವೇ ಅದರ ಮೂಲ. ನೆಂಟರ ಮನೆಗೆಂದು ಹೋದಾಗಲೆಲ್ಲ ನಮ್ಮಲ್ಲಿ ಕೆಲವರು ಅದರ ಮುಂದೆಯೇ ನಡೆದಿದ್ದೇವೆ. ಒಳಗೆ ಏನು ನಡೆಯುತ್ತದೆಂದು ಒಮ್ಮೆಯೂ ಕೇಳಿರಲಿಲ್ಲ.

ನ್ಯೂಜೆರ್ಸಿಯ ಹೊಸ ಡೆಕ್ಕಿನ ಮೇಲ್ಹಾಸು ಮರದ ಪುಡಿ, ಪ್ಲಾಸ್ಟಿಕ್ಕು ಬೆರೆಸಿ ಎರಕ ಹೊಯ್ದದ್ದು. ಕೆಳಗಿನ ತೊಲೆಗಳು ಪಾಷಾಣವಿಲ್ಲದ, ತಾಮ್ರ ಹೆಚ್ಚಿರುವ ಪೈನ್. ಆ ತಾಮ್ರ ಸಾದಾ ಮೊಳೆಯನ್ನು ತಿನ್ನುವುದರಿಂದ ದಪ್ಪನೆಯ ಸತುವಿನ ಲೇಪದ ಬೋಲ್ಟುಗಳು ಬೇಕಾದವು. ಮನೆಯ ಗೋಡೆಗೆ ಕೂಡುವ ತೊಲೆಯನ್ನು ಮೊಳೆಯಿಂದಲ್ಲ, ಬೋಲ್ಟಿನಿಂದಲೇ ಬಿಗಿಯಬೇಕೆಂದು ಮೇಸ್ತ್ರಿ ಎರಡೆರಡು ಸಲ ಹೇಳಿದನಂತೆ. ಡೆಕ್ಕುಗಳು ಜನರ ಸಮೇತ ಕುಸಿಯುವುದು ಹೆಚ್ಚಾಗಿ ಆ ಜಾಗದಲ್ಲೇ. ಹಳೆಯ ಹಲಗೆಗಳನ್ನು ಲಾರಿ ಒಯ್ದಿತು. ಅವು ಕಸ ಹೂಳುವ ನೆಲಕ್ಕೆ ಹೋಗುತ್ತವೆ. ನಮ್ಮ ಹಿರಿಯರ ಮನೆಯವರು ಆ ಬೇಸಗೆಯಲ್ಲಿ ಹೊಸ ಹಲಗೆಯ ಮೇಲೆ ಚಾಪೆ, ಅದರ ಮೇಲೆ ಹಳೆಯ ಸೀರೆ ಹಾಸಿ ಸಂಡಿಗೆ ಇಟ್ಟರು. ಪಕ್ಕದ ಮನೆಯ ಅಮೆರಿಕನ್ ಅಜ್ಜಿ ಬೇಲಿಯಾಚೆಯಿಂದ ಇದೇನೆಂದು ಕೇಳಿ, ಕರೆದ ಮೇಲೆ ಒಳಬಂದು ಕುಳಿತರಂತೆ.