ಎರಡು ರೂಪಾಯಿಯ ಚಲಚ್ಚಿತ್ರ: ‘ಮಂಥನ’ವೂ ಹಾಲಿನ ವಾಣಿಜ್ಯವೂ

ವಾಣಿಜ್ಯಕ್ಕೂ ಕಥನಕ್ಕೂ ಇರುವ ನಂಟು ಇಂದು ನಿನ್ನೆಯದಲ್ಲ. ಊರಿಂದೂರಿಗೆ ತಿರುಗುತ್ತಿದ್ದ ಬಳೆಗಾರನು ಬಳೆಯ ಮಲಾರದೊಡನೆ ತವರಿನ ಸುದ್ದಿಯನ್ನೂ ಹೊತ್ತು ತರುತ್ತಿದ್ದನು. ಸುದ್ದಿ ಕೇಳಲೆಂದು ಕುಳಿತ ಹೆಂಗಸರು ಬಳೆ ತೊಡದೆ ಏಳುತ್ತಿರಲಿಲ್ಲ. ಇಂದು ಆ ಕೆಲಸವನ್ನು ಚಲಿಸುವ ಚಿತ್ರಗಳು ವಹಿಸಿಕೊಂಡಿವೆ. ಅಂಗೈಯಗಲದ ಪರದೆಯ ಮೇಲೆ ಉಪ್ಪಿನಕಾಯಿ ಮಾರುವವನೂ ತನ್ನ ಅಜ್ಜಿಯ ಕಥೆಯಿಂದಲೇ ಆರಂಭಿಸುತ್ತಾನೆ. ಈ ವಿದ್ಯೆಯನ್ನು ಹೊಸದೆಂದು ಬಗೆಯುವವರು 1976ರಲ್ಲಿ ತೆರೆಕಂಡ ‘ಮಂಥನ’ವೆಂಬ ಹಿಂದಿ ಚಿತ್ರವನ್ನು ಒಮ್ಮೆ ನೆನೆಯಬೇಕು. ಭಾರತದಲ್ಲಿ ಒಂದು ವ್ಯಾಪಾರವನ್ನು ಬೆಳೆಸಲು ಬಳಕೆಯಾದ ಚಲಚ್ಚಿತ್ರಗಳಲ್ಲಿ ಅದಕ್ಕೆ ಅಗ್ರಸ್ಥಾನ ಸಲ್ಲಬೇಕು. ಆದರೂ ಅದನ್ನು ಯಾರೂ ಜಾಹೀರಾತೆಂದು ಕರೆದುದಿಲ್ಲ.

ಹಿನ್ನೆಲೆಯನ್ನು ಸಂಕ್ಷೇಪವಾಗಿ ಹೇಳಬಹುದು. ಗುಜರಾತದ ಖೇಡಾ ಜಿಲ್ಲೆಯ ಹಾಲು ಉತ್ಪಾದಕರು ತ್ರಿಭುವನದಾಸ ಪಟೇಲರ ಮುಂದಾಳುತನದಲ್ಲಿ 1946ರ ಡಿಸೆಂಬರಿನಲ್ಲಿ ತಮ್ಮ ಸಹಕಾರಿ ಒಕ್ಕೂಟವನ್ನು ಕಟ್ಟಿದರು. ಅದರ ಕಾರ್ಯಭಾರವನ್ನು ವರ್ಗೀಸ್ ಕುರಿಯನ್ ವಹಿಸಿಕೊಂಡರು. 1964ರಲ್ಲಿ ಪ್ರಧಾನಿ ಲಾಲ್ ಬಹಾದುರ್ ಶಾಸ್ತ್ರಿಯವರು ಆನಂದಕ್ಕೆ ಭೇಟಿಯಿತ್ತ ಫಲವಾಗಿ 1965ರಲ್ಲಿ ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿಯು ಜನಿಸಿತು. 1970ರಲ್ಲಿ ‘ಆಪರೇಷನ್ ಫ್ಲಡ್’ ಯೋಜನೆ ಆರಂಭವಾಯಿತು. ಹಳ್ಳಿಗೊಂದು ಸಂಘ, ಜಿಲ್ಲೆಗೊಂದು ಒಕ್ಕೂಟ, ರಾಜ್ಯಕ್ಕೊಂದು ಮಹಾಮಂಡಳ ಎಂಬ ಆನಂದದ ಮಾದರಿಯನ್ನು ದೇಶದಾದ್ಯಂತ ಬಿತ್ತುವುದು ಅದರ ಉದ್ದೇಶ.

ಇಲ್ಲಿಯೇ ತೊಡಕು ಹುಟ್ಟಿತು. ಯಂತ್ರವನ್ನು ಲಾರಿಯಲ್ಲಿ ಸಾಗಿಸಬಹುದು. ನಂಬಿಕೆಯನ್ನು ಸಾಗಿಸುವ ಬಗೆ ಹೇಗೆ? ಖಾಸಗಿ ಹಾಲಿನ ವ್ಯಾಪಾರಿಯ ಸಾಲದಲ್ಲಿ ಕಟ್ಟುಬಿದ್ದ ರೈತನಿಗೆ, ಹಾಲಿನ ಕೊಬ್ಬನ್ನು ಅಳೆದು ಹಣ ಕೊಡುತ್ತೇವೆಂದು ಪಟ್ಟಣದಿಂದ ಬಂದವರು ಹೇಳಿದರೆ, ಅದು ಇನ್ನೊಂದು ಬಗೆಯ ಮೋಸವಾಗಿಯೇ ಕಾಣುತ್ತದೆ. ಹಾಲಿನದು ಹಾಲಿಗೆ, ನೀರಿನದು ನೀರಿಗೆ ಎಂಬ ನಾಣ್ನುಡಿ ಹುಟ್ಟಿದ ನಾಡಿನವರಿಗೆ ಈ ಸಂಶಯವನ್ನು ವಿವರಿಸಬೇಕಾಗಿಲ್ಲ. ಅಂಕಿಅಂಶಗಳಿಂದ ನೀಗದ ಸಂಶಯ ಅದು.

ಈ ತೊಡಕನ್ನು ಬಿಡಿಸಲು ಒದಗಿಬಂದವರಲ್ಲಿ ಕರ್ನಾಟಕದ ನಂಟುಳ್ಳವರು ಹಲವರಿದ್ದುದು ಗಮನಾರ್ಹ. ನಿರ್ದೇಶಕ ಶ್ಯಾಮ್ ಬೆನೆಗಲ್ ಅವರು ಹೈದರಾಬಾದಿನಲ್ಲಿ ಬೆಳೆದವರಾದರೂ ಅವರದು ಕರ್ನಾಟಕ ಮೂಲದ ಕೊಂಕಣಿ ಮನೆತನ. 1959ರಲ್ಲಿ ಮುಂಬಯಿಯ ಜಾಹೀರಾತು ಸಂಸ್ಥೆಯೊಂದನ್ನು ಬರಹಗಾರರಾಗಿ ಸೇರಿದ ಅವರು ಒಂದು ದಶಕಕ್ಕೂ ಹೆಚ್ಚು ಕಾಲ ಜಾಹೀರಾತು ಚಿತ್ರಗಳನ್ನೂ ಸಾಕ್ಷ್ಯಚಿತ್ರಗಳನ್ನೂ ತಯಾರಿಸಿದರು. ಅವರ ಮೊದಲ ಕಥಾಚಿತ್ರ ‘ಅಂಕುರ್’ (1974) ಹೊರಬಂದುದು ಬ್ಲೇಜ್ ಸಂಸ್ಥೆಯ ಹಣದಿಂದ. ಚಿತ್ರಮಂದಿರಗಳಿಗೆ ಜಾಹೀರಾತು ಚಿತ್ರಗಳನ್ನು ಹಂಚುವುದೇ ಆ ಸಂಸ್ಥೆಯ ಕಸುಬು. ಕಲಾತ್ಮಕ ಚಿತ್ರಗಳ ತೊಟ್ಟಿಲನ್ನು ತೂಗಿದ ಕೈ ಸಾಬೂನು ಮಾರುವವರದೆಂಬುದನ್ನು ನಮ್ಮ ವಿಮರ್ಶಕರು ಅಷ್ಟಾಗಿ ಹೇಳುವುದಿಲ್ಲ. ಇನ್ನು ‘ಮಂಥನ’ದ ನಾಯಕ ಡಾಕ್ಟರ್ ರಾವ್ ಪಾತ್ರವನ್ನು ವಹಿಸಿದವರು, ‘ಸಂಸ್ಕಾರ’ದ ಪ್ರಾಣೇಶಾಚಾರ್ಯರಾಗಿ ಕನ್ನಡಿಗರಿಗೆ ಚಿರಪರಿಚಿತರಾಗಿದ್ದ, 1974-75ರಲ್ಲಿ ಪುಣೆಯ ಚಲಚ್ಚಿತ್ರ ಸಂಸ್ಥೆಯ ನಿರ್ದೇಶಕರಾಗಿದ್ದ ಗಿರೀಶ ಕಾರ್ನಾಡರು. ಅವರ ಸಹೋದ್ಯೋಗಿ ಚಂದಾವರಕರನಾಗಿ ಅನಂತನಾಗ್ ಅಭಿನಯಿಸಿದರು. ಚಿತ್ರಕಥೆ ವಿಜಯ ತೆಂಡೂಲ್ಕರರದು, ಛಾಯಾಗ್ರಹಣ ಗೋವಿಂದ ನಿಹಲಾನಿಯವರದು.

ಹಣದ ಸಂಗತಿಯು ಇವೆಲ್ಲಕ್ಕಿಂತಲೂ ಸ್ವಾರಸ್ಯವಾದುದು. ಯೋಜನೆಗಾಗಿ ಸಾಕ್ಷ್ಯಚಿತ್ರಗಳನ್ನು ತಯಾರಿಸಿದ್ದ ಬೆನೆಗಲ್ಲರಿಗೆ, ಅಂತಹ ಚಿತ್ರಗಳನ್ನು ಆ ವಿಷಯದಲ್ಲಿ ಮೊದಲೇ ಒಲವುಳ್ಳವರು ಮಾತ್ರ ನೋಡುತ್ತಾರೆಂಬುದು ಮನದಟ್ಟಾಗಿತ್ತು. ಕಥಾಚಿತ್ರವೇ ಆಗಬೇಕೆಂದರೆ ಸುಮಾರು 10 ಲಕ್ಷ ರೂಪಾಯಿ ಬೇಕು. ಗುಜರಾತದ ಸಹಕಾರಿ ಸಂಘಗಳ 5 ಲಕ್ಷ ಸದಸ್ಯರು ತಲಾ 2 ರೂಪಾಯಿ ಕೊಟ್ಟರು. ಚಿತ್ರವನ್ನು ಅರ್ಪಿಸುವವರು ಗುಜರಾತದ 5 ಲಕ್ಷ ರೈತರೆಂದು ಅದರ ಮೊದಲ ಫಲಕವೇ ಸಾರುತ್ತದೆ. ಚಿತ್ರವು ತೆರೆಕಂಡಾಗ ಆ ನಿರ್ಮಾಪಕರೇ ಹಳ್ಳಿಗಳಿಂದ ಲಾರಿಗಳಲ್ಲಿ ಬಂದು, ಟಿಕೆಟು ಕೊಂಡು, ತಮ್ಮ ಚಿತ್ರವನ್ನು ತಾವು ನೋಡಿದರು. ನಿರ್ಮಾಪಕರ ಸಂಖ್ಯೆಯೇ ಪ್ರೇಕ್ಷಕವರ್ಗಕ್ಕೆ ಸಾಲುವಂತಹ ಇನ್ನೊಂದು ಉದಾಹರಣೆ ದೊರೆಯುವುದು ದುರ್ಲಭ.

ಆದರೆ ರೈತರು ತಮ್ಮ ಹಣದಿಂದ ಕೊಂಡುದು ಸ್ತುತಿಯನ್ನಲ್ಲ. ಇದನ್ನು ಒತ್ತಿ ಹೇಳಬೇಕು. ಪಶುವೈದ್ಯ ರಾವ್ ಹಳ್ಳಿಗೆ ಬರುತ್ತಾನೆ. ವ್ಯಾಪಾರಿ ಮಿಶ್ರಾ ಕೊಡುವ ಬೆಲೆ ಹಾಲಿನ ನಿಜವಾದ ಬೆಲೆಯಲ್ಲವೆಂಬುದನ್ನು ಕೊಬ್ಬಿನ ಪರೀಕ್ಷೆಯಿಂದ ತೋರಿಸುತ್ತಾನೆ. ಸಂಘವೇನೋ ಏರ್ಪಡುತ್ತದೆ; ಆದರೆ ಚುನಾವಣೆಯಲ್ಲಿ ಹರಿಜನಕೇರಿಯವನು ಗೆದ್ದೊಡನೆ ಸರಪಂಚನ ಸಹಕಾರಬುದ್ಧಿ ಆವಿಯಾಗುತ್ತದೆ. ಚಂದಾವರಕರನು ಹಳ್ಳಿಯ ಹುಡುಗಿಯೊಬ್ಬಳ ಪ್ರಣಯದಲ್ಲಿ ತೊಡಗಿ ಊರು ಬಿಡಬೇಕಾಗುತ್ತದೆ. ಸ್ಮಿತಾ ಪಾಟೀಲರು ಅಭಿನಯಿಸಿದ ಬಿಂದುವಿನ ಹೆಬ್ಬೆಟ್ಟನ್ನು ಅವಳ ಗಂಡನೇ ಒತ್ತಿಸಿಕೊಂಡ ಕಾಗದವೊಂದು ರಾವ್‌ನ ಮೇಲೆ ಅಪವಾದವಾಗಿ ಎರಗುತ್ತದೆ. ಕೊನೆಗೆ ಬರುವುದು ವರ್ಗಾವಣೆಯ ಆಜ್ಞೆ. ರಾಮಕೃಷ್ಣಪುರದ ಸರಕಾರಿ ವಸತಿಗಳಲ್ಲಿ ಬಾಳಿದವರಿಗೆ ಈ ಕಾಗದದ ಭಾರ ತಿಳಿಯದ್ದಲ್ಲ. ಎಷ್ಟೋ ಸತ್ಕಾರ್ಯಗಳ ಕಡೆಯ ಅಧ್ಯಾಯ ಅದೇ ಆಗಿರುತ್ತದೆ. ರಾವ್ ರೈಲು ಹತ್ತುತ್ತಾನೆ. ಮುಳುಗಿತೆಂದುಕೊಂಡ ಸಂಘವನ್ನು, ಮೊದಲು ಅವನನ್ನು ಹತ್ತಿರ ಸೇರಿಸದಿದ್ದ ಭೋಲಾ ಎಂಬ ಕೇರಿಯ ಯುವಕನು ಮತ್ತೆ ಎತ್ತಿ ನಿಲ್ಲಿಸುತ್ತಾನೆ.

ವ್ಯಾಪಾರವನ್ನು ಬೆಳೆಸಬೇಕೆಂದು ಹೊರಟವರು ಸಾಮಾನ್ಯವಾಗಿ ಹೀಗೆ ಕಥೆ ಹೇಳುವುದಿಲ್ಲ. ಅವರ ಕಥೆಯಲ್ಲಿ ಸಂಸ್ಥೆಯ ನೌಕರನು ತಪ್ಪು ಮಾಡುವುದಿಲ್ಲ, ನಾಯಕನು ಸೋತು ಹಿಂದಿರುಗುವುದೂ ಇಲ್ಲ. ‘ಮಂಥನ’ದ ಬಲವು ಈ ಸೋಲಿನಲ್ಲಿಯೇ ಅಡಗಿದೆಯೆಂದು ತೋರುತ್ತದೆ. ಚಿತ್ರವನ್ನು ನೋಡುವ ರೈತನಿಗೆ ತನ್ನ ಊರಿನ ಮಿಶ್ರಾ ಯಾರು, ಸರಪಂಚ ಯಾರು ಎಂಬುದು ಯಾರೂ ಹೇಳದೆಯೇ ತಿಳಿಯುತ್ತಿತ್ತು. ತನ್ನ ಸಂಶಯಗಳನ್ನು ಮುಚ್ಚದೆ ತೆರೆದಿಟ್ಟವರಲ್ಲಿ ಅವನಿಗೆ ವಿಶ್ವಾಸ ಮೂಡುವುದು ಸಹಜ. ಕುರಿಯನ್ನರು ಇದನ್ನರಿತು, ಚಿತ್ರದ ಪ್ರತಿಗಳನ್ನು ದೇಶದ ಇತರ ಭಾಗಗಳಿಗೆ ಕಳುಹಿಸಿದರು. ಪ್ರತಿಯೊಡನೆ ಚಿತ್ರದಲ್ಲಿರುವಂತೆಯೇ ಒಬ್ಬ ಪಶುವೈದ್ಯ, ಒಬ್ಬ ಹಾಲಿನ ತಜ್ಞ, ಒಬ್ಬ ಮೇವಿನ ತಜ್ಞ ಹೋಗುತ್ತಿದ್ದರು. ಕಥೆ ಮುಗಿದೊಡನೆ ಪ್ರಶ್ನೆ ಕೇಳಲು ಮನುಷ್ಯರು ಎದುರಿಗಿದ್ದರು. ಸಂಯುಕ್ತ ರಾಷ್ಟ್ರಗಳ ಅಭಿವೃದ್ಧಿ ಕಾರ್ಯಕ್ರಮವು ಇದೇ ಚಿತ್ರವನ್ನು ಲ್ಯಾಟಿನ್ ಅಮೆರಿಕದಲ್ಲಿಯೂ ಸಹಕಾರಿ ಸಂಘಗಳ ಪ್ರಚಾರಕ್ಕೆ ಬಳಸಿಕೊಂಡಿತು. ಹಾಲನ್ನು ಕೊಳ್ಳುವವರಿಗೆ ಈ ಚಿತ್ರದಲ್ಲಿ ಒಂದು ಮಾತೂ ಇಲ್ಲ. ಅದು ಸಂಪೂರ್ಣವಾಗಿ ಹಾಲು ಕರೆಯುವವರನ್ನು ಉದ್ದೇಶಿಸಿದ್ದು.

ಕೊಳ್ಳುವವರ ಸರದಿ ಆಮೇಲೆ ಬಂತು. ‘ಮಂಥನ’ ಹೊರಬಂದ 1976ರ ಜನವರಿಯಲ್ಲಿಯೇ ದೂರದರ್ಶನವು ಜಾಹೀರಾತುಗಳಿಗೆ ಬಾಗಿಲು ತೆರೆದಿತ್ತು. ಪ್ರೀತಿ ಸಾಗರ್ ಹಾಡಿದ ಚಿತ್ರಗೀತೆ ಮುಂದೆ ಅಮುಲ್‌ನ ದೂರದರ್ಶನ ಜಾಹೀರಾತಿನ ರಾಗವಾಯಿತು. ರೈತರಿಗೆ ಹೇಳಿದ ಕಥೆಯ ಪಲ್ಲವಿ ಮಾತ್ರ ಪಟ್ಟಣದ ಊಟದ ಮನೆಯನ್ನು ತಲುಪಿತು. ಮಿಶ್ರಾ, ಸರಪಂಚ, ಹೆಬ್ಬೆಟ್ಟಿನ ಕಾಗದ ಇವು ಹಿಂದೆಯೇ ಉಳಿದವು.

ಕರ್ನಾಟಕದ ಹಾಲಿನ ಚರಿತ್ರೆಯು ‘ಮಂಥನ’ದಿಂದ ಹುಟ್ಟಿತೆಂದು ಹೇಳಿದರೆ ಕಾಲವಿರೋಧವಾಗುತ್ತದೆ. ಕೊಡಗಿನ ಕೂಡಿಗೆಯಲ್ಲಿ 1955ರಷ್ಟು ಹಿಂದೆಯೇ ಡೈರಿ ಆರಂಭವಾಗಿತ್ತು; ವಿಶ್ವಬ್ಯಾಂಕಿನ ನೆರವಿನ ಹೈನು ಯೋಜನೆಯು ದೇಶದಲ್ಲಿ ಮೊದಲ ಬಾರಿಗೆ 1974ರಲ್ಲಿ ಕರ್ನಾಟಕದಲ್ಲಿಯೇ ಕಾಲಿರಿಸಿತು. ಆದರೆ ಮಾದರಿಯು ಆನಂದದ್ದೇ. 1984ರಲ್ಲಿ ರೂಪುಗೊಂಡ ಕರ್ನಾಟಕ ಹಾಲು ಮಹಾಮಂಡಳವು ಇಂದು 14,000ಕ್ಕೂ ಹೆಚ್ಚು ಹಳ್ಳಿಯ ಸಂಘಗಳ ಒಕ್ಕೂಟವಾಗಿದೆ. ಅದರ ‘ನಂದಿನಿ’ ಹಾಲು ಗುಜರಾತದ ಮಹಾಮಂಡಳದ ಅನಂತರದ ಸ್ಥಾನದಲ್ಲಿದೆ.

ಕನ್ನಡದಲ್ಲಿ ಕಥನದ ಹಾದಿ ಬೇರೆಯಾಯಿತು. ‘ನಂದಿನಿ’ಗಾಗಿ ರಾಜ್‌ಕುಮಾರ್ ಅವರು ಸಂಭಾವನೆ ಪಡೆಯದೆ ಜಾಹೀರಾತಿನಲ್ಲಿ ಕಾಣಿಸಿಕೊಂಡರು. ಪುನೀತ್ ರಾಜ್‌ಕುಮಾರ್ ತಂದೆಯ ದಾರಿಯನ್ನೇ ಹಿಡಿದು ಹಣವಿಲ್ಲದೆ ಅದರ ಪ್ರಚಾರಕರಾಗಿದ್ದರು. 2021ರಲ್ಲಿ ಅವರು ತೀರಿಕೊಂಡ ಮೇಲೆ, 2023ರಲ್ಲಿ ಶಿವರಾಜ್‌ಕುಮಾರ್ ಆ ಹೊಣೆಯನ್ನು ವಹಿಸಿಕೊಂಡರು. ಇಲ್ಲಿ ಕಥೆಗೆ ಬದಲಾಗಿ ವ್ಯಕ್ತಿ ನಿಂತಿದ್ದಾನೆ. ಆದರೂ ಎರಡಕ್ಕೂ ಒಂದು ಸಾಮ್ಯವುಂಟು: ಅಲ್ಲಿ ರೈತನು ತನ್ನ 2 ರೂಪಾಯಿಯನ್ನು ಕೊಟ್ಟನು, ಇಲ್ಲಿ ನಟನು ತನಗೆ ಬರಬಹುದಾದ ಹಣವನ್ನು ಬಿಟ್ಟನು. ನೋಡುವವರ ಕಣ್ಣು ಇದನ್ನು ಗುರುತಿಸದೆ ಬಿಡುವುದಿಲ್ಲ. ಅಣ್ಣಾವ್ರ ಮುಖವಿದ್ದರೆ ಹಾಲು ಮಾರಾಟವಾಗುವುದು ನಿಜ; ಆದರೆ ಮದ್ದೂರಿನ ಹೈನುಗಾರ್ತಿಯ ಬೆಳಗಿನ ಜಾವವು ಅದರಿಂದ ಪಟ್ಟಣಿಗನಿಗೆ ತಿಳಿಯುವುದಿಲ್ಲ. ಈ ಕೊರತೆಯನ್ನು ಅಭಿಮಾನವು ಮುಚ್ಚಬಹುದೇ ಹೊರತು ತುಂಬಲಾರದು.

2023ರ ಏಪ್ರಿಲಿನಲ್ಲಿ ಬೆಂಗಳೂರಿನಲ್ಲಿ ಹಾಲು ಮೊಸರು ಮಾರುವೆವೆಂದು ಅಮುಲ್ ಪ್ರಕಟಿಸಿದಾಗ, ವಿಧಾನಸಭೆಯ ಚುನಾವಣೆಯ ಹೊಸ್ತಿಲಲ್ಲಿ ಎದ್ದ ಕೋಲಾಹಲವು ವಾಚಕರ ನೆನಪಿನಲ್ಲಿ ಇನ್ನೂ ಹಸಿಯಾಗಿದೆ. ಒಂದೇ ಮಾದರಿಯ ಎರಡು ಸಂಸಾರಗಳು, ಎರಡೂ ರೈತರವೇ, ಅಂಗಡಿಯ ಮುಂದೆ ಎದುರುಬದುರಾಗಿದ್ದವು. ವಾದವು ನಾಡುನುಡಿಯ ಹೆಸರಿನಲ್ಲಿ ನಡೆಯಿತು. ಸಂಘದ ಲೆಕ್ಕದ ಪುಸ್ತಕ, ಕೊಬ್ಬಿನ ಪರೀಕ್ಷೆ, ರೈತನಿಗೆ ಸಲ್ಲುವ ಬೆಲೆ ಇವು ಚರ್ಚೆಯ ಅಂಚಿಗೆ ಸರಿದವು. 1976ರ ಚಿತ್ರವು ಮಾತನಾಡಿದ್ದು ಈ ಅಂಚಿನಲ್ಲಿರುವ ಸಂಗತಿಗಳನ್ನೇ.

2024ರ ಮೇ ತಿಂಗಳಿನಲ್ಲಿ ‘ಮಂಥನ’ದ ಪುನರುದ್ಧೃತ ಪ್ರತಿಯು ಫ್ರಾನ್ಸಿನ ಕಾನ್ ಉತ್ಸವದಲ್ಲಿ ಪ್ರದರ್ಶಿತವಾಯಿತು. ಕುರಿಯನ್ 2012ರಲ್ಲಿ, ಕಾರ್ನಾಡರು 2019ರಲ್ಲಿ ತೀರಿಕೊಂಡಿದ್ದರು. ಬೆನೆಗಲ್ ಅದೇ ವರ್ಷದ ಡಿಸೆಂಬರ್ 23ರಂದು ನಿಧನರಾದರು. ಅದಕ್ಕೆ ಒಂದು ತಿಂಗಳು ಮುನ್ನ, ನವೆಂಬರ್ 21ರಂದು, ‘ನಂದಿನಿ’ ಹಾಲು ದೆಹಲಿಯ ಮಾರುಕಟ್ಟೆಯನ್ನು ಪ್ರವೇಶಿಸಿತು. 1959ರ ದೆಹಲಿ ಹಾಲು ಯೋಜನೆಯ ಬಾಟಲಿಗಳನ್ನೂ ಮದರ್ ಡೈರಿಯ ಬಿಲ್ಲೆ ಹಾಕಿ ಹಾಲು ಹಿಡಿಯುವ ಯಂತ್ರಗಳನ್ನೂ ಕಂಡ ಇಲ್ಲಿನ ಹಿರಿಯ ಕನ್ನಡಿಗರ ಮನೆಗಳಿಗೆ, ಮಂಡ್ಯದ ಸಂಘಗಳಲ್ಲಿ ಅಳೆದ ಹಾಲು, ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರವನ್ನು ಟ್ಯಾಂಕರುಗಳಲ್ಲಿ ದಾಟಿ ಬರತೊಡಗಿತು.