ಗ್ಯಾಂಬಿಯಾ ದೇಶದ ಸೀಮಾನಿರ್ಣಯ

ಪಶ್ಚಿಮ ಆಫ್ರಿಕಾದ ಗ್ಯಾಂಬಿಯಾ ದೇಶವು ಆ ಖಂಡದ ಭೂಭಾಗದಲ್ಲಿರುವ ರಾಷ್ಟ್ರಗಳೆಲ್ಲಕ್ಕಿಂತಲೂ ಕಿರಿದಾದುದು. ಅದರ ವಿಸ್ತೀರ್ಣವು ಸುಮಾರು 11,300 ಚದರ ಕಿಲೋಮೀಟರು. ಪಶ್ಚಿಮಕ್ಕೆ ಅಟ್ಲಾಂಟಿಕ್ ಸಾಗರವಿದ್ದು, ಉಳಿದ ಮೂರು ದಿಕ್ಕುಗಳಲ್ಲಿಯೂ ಸೆನೆಗಾಲ್ ದೇಶವೇ ಸುತ್ತುವರಿದಿರುವುದು. ನದಿಯೊಂದರ ಎರಡು ದಡಗಳೇ ದೇಶವೆನಿಸಿರುವ ಈ ವಿಚಿತ್ರಾಕಾರಕ್ಕೆ ಕಾರಣವನ್ನು ಭೂಗೋಳದಲ್ಲಿ ಮಾತ್ರವೇ ಅರಸಿದರೆ ಸಾಲದು.

ಗಿನಿ ದೇಶದ ಫೂಟಾ ಜಲೋನ್ ಎತ್ತರದಲ್ಲಿ ಹುಟ್ಟುವ ಗ್ಯಾಂಬಿಯಾ ನದಿಯಲ್ಲಿ ಹಡಗುಗಳು ಒಳನಾಡಿನವರೆಗೂ ಸಂಚರಿಸಬಲ್ಲವಾದುದರಿಂದ ಯೂರೋಪಿನ ವರ್ತಕರು ಅದನ್ನು ಆಶ್ರಯಿಸಿದರು. ಮನುಷ್ಯರನ್ನೇ ಸರಕಾಗಿ ಸಾಗಿಸಿದರು. 1807ರಲ್ಲಿ ದಾಸವ್ಯಾಪಾರವನ್ನು ನಿಷೇಧಿಸಿದ ಆಂಗ್ಲೇಯರು ಅದನ್ನು ತಡೆಗಟ್ಟಲು 1816ರಲ್ಲಿ ನದೀಮುಖದ ದ್ವೀಪದಲ್ಲಿ ಬ್ಯಾಥರ್ಸ್ಟ್ ಎಂಬ ಠಾಣ್ಯವನ್ನು ಸ್ಥಾಪಿಸಿದರು. ಇಂದಿನ ರಾಜಧಾನಿ ಬಾಂಜುಲ್ ಅದೇ. ಈ ಹೆಸರು 1973ರಲ್ಲಿ ಬಂದಿತು.

1889ರಲ್ಲಿ ಆಂಗ್ಲೇಯರೂ ಫ್ರೆಂಚರೂ ಪ್ಯಾರಿಸ್ಸಿನಲ್ಲಿ ಒಡಂಬಟ್ಟು, ನದಿಯ ಬಹುಭಾಗದಲ್ಲಿ ಇಕ್ಕೆಲಗಳಿಂದ 10 ಕಿಲೋಮೀಟರು ದೂರಕ್ಕೆ ಎಲ್ಲೆಯನ್ನು ಎಳೆದರು. ಯುದ್ಧನೌಕೆಯ ಗುಂಡು ಬಿದ್ದ ಸ್ಥಳವೇ ಗಡಿಯಾಯಿತೆಂಬ ಮಾತು ಜನಜನಿತವಾದರೂ ಐತಿಹ್ಯಮಾತ್ರ. ನಮ್ಮ ಸ್ಮೃತಿಕಾರರು ಸೀಮಾವಿವಾದದಲ್ಲಿ ಮರ, ಕೆರೆ, ಬಾವಿಗಳನ್ನು ಗುರುತಾಗಿ ಹೇಳಿ, ನೆರೆಹೊರೆಯವರ ಸಾಕ್ಷ್ಯವನ್ನು ಕೇಳಬೇಕೆನ್ನುವರು. ಇಲ್ಲಿಯಾದರೋ ಅಳತೆಗೋಲೇ ಸಾಕ್ಷಿ! ಮಾಂಡಿಂಕಾ, ಫುಲಾ, ವೊಲೊಫ್, ಜೋಲಾ ಜನಗಳು ಗೆರೆಯ ಎರಡು ಕಡೆಯಲ್ಲಿಯೂ ಉಳಿದರು. ಮನೆಯ ಮಾತು ಒಂದೇ ಆಗಿದ್ದರೂ ಒಂದು ಕಡೆಯ ಮಕ್ಕಳು ಶಾಲೆಯಲ್ಲಿ ಇಂಗ್ಲಿಷನ್ನೂ ಮತ್ತೊಂದು ಕಡೆಯವರು ಫ್ರೆಂಚನ್ನೂ ಕಲಿಯುವಂತಾಯಿತು.

ದೇಶವು 1965ರಲ್ಲಿ ಸ್ವತಂತ್ರವಾಯಿತು. 1982ರಲ್ಲಿ ಸೆನೆಗಾಲಿನೊಡನೆ ಏರ್ಪಟ್ಟ ಒಕ್ಕೂಟವು 1989ರಲ್ಲಿ ಮುರಿಯಿತು. 2019ರಲ್ಲಿ ಫರಾಫೆನ್ನಿಯ ಬಳಿ ಸೇತುವೆ ತೆರೆದ ತರುವಾಯ, ಉತ್ತರ ಸೆನೆಗಾಲಿನಿಂದ ಅದರ ದಕ್ಷಿಣದ ಕಾಸಾಮಾನ್ಸ್ ಪ್ರಾಂತ್ಯಕ್ಕೆ ಹೋಗುವ ವಾಹನಗಳು ನಾವೆಗಾಗಿ ದಡದಲ್ಲಿ ಕಾಯದೆ ಗ್ಯಾಂಬಿಯಾವನ್ನು ದಾಟುತ್ತಿವೆ.