ಊರಿನ ದಾಹ, ಸರೋವರದ ಪಾಲು

ಅಮೆರಿಕದ ಲಾಸ್ ಏಂಜಲೀಸ್ ನಗರವು ಮೋನೋ ಎಂಬ ಉಪ್ಪುಸರೋವರಕ್ಕೆ ಬೀಳುವ ಹೊಳೆಗಳನ್ನು 1941ರಲ್ಲಿ ತನ್ನ ಕೊಳಾಯಿಗಳಿಗೆ ತಿರುಗಿಸಿಕೊಂಡಿತು. ಹಿಂದಿನ ವರ್ಷ ಪರವಾನಗಿ ಕೊಟ್ಟ ಸರ್ಕಾರಿ ಇಲಾಖೆಗೆ ಹಾನಿಯ ಅರಿವಿರಲಿಲ್ಲವೆನ್ನುವಂತಿಲ್ಲ. ಮನೆಬಳಕೆಯ ನೀರೇ ಮೇಲೆಂದು ಕಾನೂನಿದೆ, ನಮ್ಮ ಕೈ ಕಟ್ಟಿದೆ ಎಂದಿತು, ಅಷ್ಟೆ. ನಾಲ್ಕು ದಶಕಗಳಲ್ಲಿ ಸರೋವರ ಸುಮಾರು 45 ಅಡಿ ಇಳಿಯಿತು, ಉಪ್ಪು ಇಮ್ಮಡಿಯಾಯಿತು. ನೆಗಿಟ್ ದ್ವೀಪಕ್ಕೆ ನೆಲವೇ ಸೇತುವೆಯಾಗಿ, 1979ರಲ್ಲಿ ಕೊಯೋಟಿಗಳೆಂಬ ತೋಳದ ಜಾತಿಯ ಪ್ರಾಣಿಗಳು ನಡೆದುಹೋಗಿ, ಗೂಡುಕಟ್ಟಿದ್ದ ಸಾವಿರಾರು ಗಲ್ ಹಕ್ಕಿಗಳನ್ನು ಓಡಿಸಿದವು.

1983ರಲ್ಲಿ ಕ್ಯಾಲಿಫೋರ್ನಿಯಾದ ಸರ್ವೋಚ್ಚ ನ್ಯಾಯಾಲಯವು, ಹಿಂದೆ ಕೊಟ್ಟ ಹಕ್ಕನ್ನೂ ಮತ್ತೆ ತೂಗಿನೋಡಬಹುದೆಂದಿತು. ಅಣೆಕಟ್ಟುಗಳ ಕಥೆಗಿಂತ ಈ ತೀರ್ಪೇ ನನಗೆ ದೊಡ್ಡ ಇತಿಹಾಸವಾಗಿ ಕಾಣುತ್ತದೆ. 1994ರಲ್ಲಿ ರಾಜ್ಯದ ಜಲಮಂಡಳಿಯು ಹೊಳೆಗಳಿಗೆ ಕನಿಷ್ಠ ಹರಿವನ್ನೂ, ಸರೋವರಕ್ಕೆ ಸಮುದ್ರಮಟ್ಟದಿಂದ 6,392 ಅಡಿಯ ಗುರಿಯನ್ನೂ ಗೊತ್ತುಮಾಡಿತು. ನೀರು ಆ ಗುರುತನ್ನು ಇನ್ನೂ ಮುಟ್ಟಿಲ್ಲ.